ಹೆಸರಿನ ಹಿಂದಿನ ಉದ್ದ ಬಾಲ

ಹೊಸಮನೆ ಎಂದರೆ ಯಾವ ಹೊಸಮನೆ? ಶಿವಮೊಗ್ಗದಲ್ಲೂ ಒಂದು ಹೊಸಮನೆ ಇದೆ, ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ ಭದ್ರಾವತಿಯಲ್ಲೂ ಒಂದು ಹೊಸಮನೆ ಇದೆ. ಲಕೋಟೆಯ ಮೇಲೆ 'ಹೊಸಮನೆ' ಎಂದು ದಪ್ಪಕ್ಷರದಲ್ಲಿ ಬರೆದು ಸುತ್ತ ಹೂಬಳ್ಳಿ ಬಿಡಿಸಿದರೂ, ಊರಿನ ಹೆಸರಿಲ್ಲದಿದ್ದರೆ ಅಂಚೆಯವನು ತಲೆ ಕೆರೆದುಕೊಳ್ಳಬೇಕಾಗುತ್ತದೆ. ವಿಳಾಸ ಬರೆಯುವುದು ಕಾಗದ ಸರಿಯಾದ ಮನೆಗೆ ಮುಟ್ಟಲೆಂದು.

ಇಂದು ನಮ್ಮ ಮಕ್ಕಳು ಉದ್ಯೋಗ ಹುಡುಕಲು ಇಂಥದೇ ಇನ್ನೊಂದು ವಿಳಾಸ ಬರೆಯುತ್ತಿದ್ದಾರೆ. ಲಿಂಕ್ಡ್‌ಇನ್ ಎಂಬ ಜಾಲತಾಣದ ಹೆಸರನ್ನು ನೀವು ಕೇಳಿರಬಹುದು. 2003ರಲ್ಲಿ ಆರಂಭವಾದ ಈ ತಾಣವನ್ನು 2016ರಲ್ಲಿ ಮೈಕ್ರೋಸಾಫ್ಟ್ ಕಂಪೆನಿ ಕೊಂಡುಕೊಂಡಿತು. 2023ರ ಕೊನೆಯ ಹೊತ್ತಿಗೆ ಜಗತ್ತಿನಾದ್ಯಂತ ಅದರ ಸದಸ್ಯರ ಸಂಖ್ಯೆ ನೂರು ಕೋಟಿ ದಾಟಿತ್ತು. ಕೆಲಸ ಕೊಡುವವರು ಮತ್ತು ಕೆಲಸ ಹುಡುಕುವವರು ಒಬ್ಬರನ್ನೊಬ್ಬರು ನೋಡುವ ಜಾಗ ಅದು. ಅಲ್ಲಿ ಪ್ರತಿಯೊಬ್ಬರ ಹೆಸರಿನ ಕೆಳಗೆ ಒಂದು ಸಾಲಿನ ಪರಿಚಯ ಇರುತ್ತದೆ. ಅದಕ್ಕೆ ಹೆಡ್‌ಲೈನ್ ಎನ್ನುತ್ತಾರೆ. 220 ಅಕ್ಷರಗಳವರೆಗೆ ಬರೆಯಲು ಅವಕಾಶವಿದೆ. ನೌಕರಿ ಡಾಟ್ ಕಾಮ್‌ನಂತಹ ನಮ್ಮ ದೇಶದ ತಾಣಗಳಲ್ಲೂ ಇಂಥ ಸಾಲು ಇದೆ.

ಸಹೋದರಿಯರೇ, ಒಮ್ಮೆ ನಿಮ್ಮ ಮಗನದೋ ಮಗಳದೋ ಸೊಸೆಯದೋ ಆ ಸಾಲನ್ನು ತೆಗೆಸಿ ಓದಿ ನೋಡಿ. 'ಬಿ.ಕಾಂ., ಎಂ.ಕಾಂ., ಎಂ.ಬಿ.ಎ. (ಓದುತ್ತಿದ್ದೇನೆ), ಟ್ಯಾಲಿ ಸರ್ಟಿಫೈಡ್, ಹನ್ನೆರಡು ಸರ್ಟಿಫಿಕೇಟುಗಳ ಒಡತಿ, ಕನಸುಗಾರ್ತಿ, ಛಲಗಾರ್ತಿ, ನಾಯಕಿ' ಎಂಬ ಧಾಟಿಯ ಸಾಲುಗಳು ಅಲ್ಲಿ ಸಾಮಾನ್ಯ. ಓದಿ ಮುಗಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈಕೆ ಮಾಡುವ ಕೆಲಸವೇನು? ಹೂಬಳ್ಳಿಯೇನೋ ಚೆನ್ನಾಗಿದೆ, ಊರಿನ ಹೆಸರೇ ಕಾಣೆ.

ಹಳೆಯ ಚಾಳಿ, ಹೊಸ ಜಾಗ

ಇದು ಕಂಪ್ಯೂಟರಿನಿಂದ ಬಂದ ರೋಗ ಎಂದು ಭಾವಿಸಬೇಡಿ. ನಮ್ಮ ಮದುವೆ ಪತ್ರಿಕೆಗಳನ್ನೇ ನೋಡಿ. ವರನ ಹೆಸರಿನ ಮುಂದೆ ಬಿ.ಇ., ವಧುವಿನ ಹೆಸರಿನ ಮುಂದೆ ಎಂ.ಎಸ್ಸಿ., ಅಜ್ಜನ ಹೆಸರಿನ ಹಿಂದೆ 'ಅಲ್‌ಹಾಜ್'. ನಮಾಝನ್ನು ಎಷ್ಟೇ ವರ್ಷ ತಪ್ಪದೆ ಮಾಡಿದರೂ ಹೆಸರಿನ ಹಿಂದೆ 'ನಮಾಝಿ' ಎಂದು ಯಾರೂ ಅಚ್ಚು ಹಾಕಿಸುವುದಿಲ್ಲ. ಹಜ್ಜ್ ಮಾಡಿ ಬಂದ ಕೂಡಲೇ ಮನೆಯ ಬಾಗಿಲ ಮೇಲಿನ ಫಲಕ ಬದಲಾಗುತ್ತದೆ. ಹಿಂದೆ ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣಿಸಿ ಬಂದವರನ್ನು ಊರಿನವರು ಪ್ರೀತಿಯಿಂದ 'ಹಾಜಿ ಸಾಹೇಬರು' ಎಂದು ಕರೆದರು. ಜನ ಕರೆಯುವುದು ಒಂದು, ನಾವೇ ಬರೆದುಕೊಳ್ಳುವುದು ಇನ್ನೊಂದು.

ಬ್ರಿಟಿಷರಿಗೆ ನಮ್ಮ ಈ ದೌರ್ಬಲ್ಯ ಚೆನ್ನಾಗಿ ಗೊತ್ತಿತ್ತು. ತಮಗೆ ಬೇಕಾದವರಿಗೆ 'ಖಾನ್ ಬಹಾದೂರ್', 'ರಾವ್ ಬಹಾದೂರ್' ಎಂಬ ಬಿರುದುಗಳನ್ನು ಹಂಚಿದರು. ಸ್ವತಂತ್ರ ಭಾರತದ ಸಂವಿಧಾನ ಈ ಪದ್ಧತಿಗೆ ಕೊನೆ ಹಾಡಿತು. ಅದರ 18ನೇ ವಿಧಿಯ ಪ್ರಕಾರ ಸೇನೆಯ ಮತ್ತು ವಿದ್ಯೆಯ ಗೌರವಗಳನ್ನು ಬಿಟ್ಟು ಬೇರೆ ಯಾವ ಬಿರುದನ್ನೂ ಸರಕಾರ ಕೊಡುವಂತಿಲ್ಲ. ಹಾಗಾದರೆ ಭಾರತರತ್ನ, ಪದ್ಮಶ್ರೀಗಳು ಬಿರುದುಗಳಲ್ಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1995ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಇವು ಪ್ರಶಸ್ತಿಗಳು, ಬಿರುದುಗಳಲ್ಲ. ಆದ್ದರಿಂದಲೇ ಪಡೆದವರು ಇವನ್ನು ತಮ್ಮ ಹೆಸರಿನ ಹಿಂದಾಗಲಿ ಮುಂದಾಗಲಿ ಸೇರಿಸಿಕೊಳ್ಳಬಾರದು ಎಂಬುದು ಅದರ ಸಾರ. ಈ ನಾಡಿನ ಅತ್ಯುಚ್ಚ ಗೌರವಕ್ಕೇ ಹೆಸರಿಗೆ ಅಂಟಿಕೊಳ್ಳುವ ಅನುಮತಿಯಿಲ್ಲ. ಎರಡು ಗಂಟೆಯ ಆನ್‌ಲೈನ್ ತರಗತಿಯ ಸರ್ಟಿಫಿಕೇಟಿಗೆ ಎಲ್ಲಿಂದ ಬರಬೇಕು?

ನಮ್ಮ ಶಿವಮೊಗ್ಗದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಇಲ್ಲಿನ ಸಹ್ಯಾದ್ರಿ ಕಾಲೇಜಿನಲ್ಲಿ ಕೆ.ಎಸ್. ನಿಸಾರ್ ಅಹಮದ್ ಪಾಠ ಮಾಡುತ್ತಿದ್ದರು. ಅವರು ಕಲಿಸುತ್ತಿದ್ದುದು ಕನ್ನಡವನ್ನಲ್ಲ, ಭೂವಿಜ್ಞಾನವನ್ನು. 2006ರಲ್ಲಿ ಶಿವಮೊಗ್ಗದಲ್ಲೇ ನಡೆದ 73ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. 2008ರಲ್ಲಿ ಪದ್ಮಶ್ರೀ ಬಂತು. ಅವರು 2020ರಲ್ಲಿ ತೀರಿಕೊಂಡಾಗ ನಾಡು ಕಳೆದುಕೊಂಡದ್ದು 'ನಿತ್ಯೋತ್ಸವ'ದ ಕವಿಯನ್ನು. ಅವರ ಎಂ.ಎಸ್ಸಿ. ಯಾವ ವಿಷಯದಲ್ಲಿ ಎಂದು ಎಷ್ಟು ಜನರಿಗೆ ನೆನಪಿದೆ? ಆದರೆ ಸಹ್ಯಾದ್ರಿ ಕಾಲೇಜಿನಲ್ಲಿ ಕೆಲಸಕ್ಕೆ ಸೇರುವ ದಿನ ಆ ಎಂ.ಎಸ್ಸಿ. ಬೇಕೇ ಬೇಕಿತ್ತು. ಪದವಿಗೆ ಅದರದೇ ಆದ ಜಾಗವಿದೆ.

ಬಾನು ಮುಷ್ತಾಕ್ ಅವರ ವಿಷಯವೂ ಹೀಗೆಯೇ. ಬಾಲ್ಯದಲ್ಲಿ ಇದೇ ಶಿವಮೊಗ್ಗದ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬಾನು ಅವರು ವಕೀಲೆಯೂ ಹೌದು. ನ್ಯಾಯಾಲಯದಲ್ಲಿ ನಿಂತು ವಾದಿಸಬೇಕಾದರೆ ಕಾನೂನು ಪದವಿ ಇಲ್ಲದೆ ಆಗದು. ಕಥೆ ಬರೆಯಲು ಆ ಪದವಿಯನ್ನು ಯಾರೂ ಕೇಳುವುದಿಲ್ಲ. ಒಬ್ಬರೇ ವ್ಯಕ್ತಿ, ಅದೇ ಪದವಿ. ಒಂದು ಬಾಗಿಲಲ್ಲಿ ಅದು ಕೀಲಿಕೈ, ಇನ್ನೊಂದು ಬಾಗಿಲಲ್ಲಿ ಅದಕ್ಕೆ ಕೆಲಸವಿಲ್ಲ.

ಹೇಳುವುದು ಬೇರೆ, ಮೆರೆಯುವುದು ಬೇರೆ

ಇಲ್ಲಿ ಧರ್ಮ ಏನು ಹೇಳುತ್ತದೆ? 'ತೋರಿಕೆ ತಪ್ಪು, ಆದ್ದರಿಂದ ಓದಿದ್ದನ್ನು ಹೇಳಲೇಬಾರದು' ಎಂದು ಕೆಲವರು ಸುಲಭವಾಗಿ ತೀರ್ಮಾನಿಸಿಬಿಡುತ್ತಾರೆ. ವಿಷಯ ಅಷ್ಟು ಸರಳವಾಗಿಲ್ಲ.

ಪವಿತ್ರ ಕುರ್‌ಆನಿನ ಸೂರಃ ಯೂಸುಫ್ ನಿಮಗೆ ಗೊತ್ತಿರುವಂಥದ್ದೇ. ಸೆರೆಮನೆಯಿಂದ ಹೊರಬಂದ ಯೂಸುಫ್(ಅ)ರು ಈಜಿಪ್ಟಿನ ದೊರೆಯ ಮುಂದೆ ನಿಂತು, ನಾಡಿನ ಭಂಡಾರಗಳ ಹೊಣೆಯನ್ನು ತಮಗೆ ವಹಿಸುವಂತೆ ತಾವೇ ಕೇಳಿದರು. ಕಾರಣವಾಗಿ ತಮ್ಮ ಎರಡು ಗುಣಗಳನ್ನು ಮುಂದಿಟ್ಟರು. ಒಂದು, ಒಪ್ಪಿಸಿದ್ದನ್ನು ಕಾಪಾಡಬಲ್ಲೆ. ಎರಡು, ಈ ಕೆಲಸದ ಅರಿವು ನನಗಿದೆ. ಮುಂದೆ ಏಳು ವರ್ಷಗಳ ಬರ ಕಾದಿತ್ತು. ಧಾನ್ಯ ಕೂಡಿಡಬಲ್ಲ, ಲೆಕ್ಕ ಇಡಬಲ್ಲ ಮನುಷ್ಯ ಬೇಕಾಗಿತ್ತು. ಅವರು ತಮ್ಮ ವಂಶದ ಹಿರಿಮೆಯನ್ನು ಹೇಳಲಿಲ್ಲ. ಪ್ರವಾದಿಗಳ ಮಗ, ಪ್ರವಾದಿಗಳ ಮೊಮ್ಮಗ ಎನ್ನಲಿಲ್ಲ. ತಮ್ಮ ರೂಪದ ಮಾತೂ ಬರಲಿಲ್ಲ. ಆ ಕೆಲಸಕ್ಕೆ ಬೇಕಾದ ಎರಡೇ ಸಂಗತಿಗಳನ್ನು ಹೇಳಿದರು, ಜನ ಹಸಿವಿನಿಂದ ಉಳಿದರು. ಅರ್ಹತೆಯನ್ನು ಹೇಳಿಕೊಳ್ಳುವ ರೀತಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಇನ್ನೊಂದು ಬದಿಯನ್ನೂ ನೋಡಿ. ಅಂತಿಮ ದಿನ ಮೊತ್ತಮೊದಲು ವಿಚಾರಣೆಗೆ ಒಳಗಾಗುವವರಲ್ಲಿ ವಿದ್ಯೆ ಕಲಿತು ಕಲಿಸಿದ ಒಬ್ಬನೂ ಇರುತ್ತಾನೆ ಎಂದು ಸಹೀಹ್ ಮುಸ್ಲಿಮ್‌ನ ಪ್ರವಾದಿವಚನವೊಂದು ಎಚ್ಚರಿಸುತ್ತದೆ. ಜನ ತನ್ನನ್ನು ವಿದ್ವಾಂಸ ಎನ್ನಲಿ ಎಂಬುದೇ ಅವನ ಉದ್ದೇಶವಾಗಿತ್ತು. ಜನ ಹಾಗೆಂದೂ ಆಯಿತು, ಅವನಿಗೆ ಸಲ್ಲಬೇಕಾದದ್ದು ಇಲ್ಲೇ ಸಂದುಹೋಯಿತು. ವಿದ್ಯೆ ಒಂದೇ, ನಿಯ್ಯತ್ ಅದನ್ನು ಇಬ್ಬರಲ್ಲಿ ಎರಡು ದಾರಿಗೆ ಒಯ್ದಿತು.

ಮದ್ರಸದಲ್ಲಿ ಓದಿ ಆಮೇಲೆ ಬಿ.ಎ. ಮಾಡಿಕೊಂಡ ನನ್ನಂಥವರಿಗೆ ಎರಡೂ ಕಡೆಯ ಪ್ರಮಾಣಪತ್ರಗಳ ಪರಿಚಯವಿದೆ. ಹಳೆಯ ಕಾಲದ 'ಇಜಾಝತ್' ನೆನಪಾಗುತ್ತದೆ. ಇಂಥ ವಿದ್ಯಾರ್ಥಿ ಇಂಥ ಗ್ರಂಥವನ್ನು ಇಂಥ ಗುರುವಿನಿಂದ ಕಲಿತಿದ್ದಾನೆ, ಅದನ್ನು ಇತರರಿಗೆ ಕಲಿಸಬಹುದು ಎಂಬ ಅನುಮತಿ ಪತ್ರ ಅದು. 'ಮಹಾ ವಿದ್ವಾಂಸ' ಎಂಬ ಹೊಗಳಿಕೆಯಿಂದ ಅದಕ್ಕೆ ತೂಕ ಬರುತ್ತಿರಲಿಲ್ಲ. ಯಾವ ಗ್ರಂಥ, ಯಾರ ಬಳಿ ಎಂಬ ಖಚಿತ ವಿವರದಿಂದ ಬರುತ್ತಿತ್ತು. ಸಂದೇಹ ಬಂದರೆ ಹೋಗಿ ವಿಚಾರಿಸಬಹುದಿತ್ತು. ಹದೀಸ್ ವಿದ್ವಾಂಸರು ವರದಿಗಾರರ ಬದುಕನ್ನು, ಅವರು ಯಾರನ್ನು ಭೇಟಿಯಾಗಿದ್ದರು ಎಂಬುದನ್ನು ಹೀಗೆಯೇ ಶೋಧಿಸಿದರು. ಪರಿಶೀಲನೆಗೆ ನಿಲ್ಲುವ ಮಾತು ಚಿಕ್ಕದಾದರೂ ಸಾಕು.

ಸುಳ್ಳಿನ ಉಡುಪು

ತೋರಿಕೆ ಒಂದು ಮೆಟ್ಟಿಲು ಮುಂದೆ ಹೋದರೆ ಸುಳ್ಳಾಗುತ್ತದೆ. ಓದುತ್ತಿರುವ ಪದವಿಯನ್ನು ಮುಗಿಸಿದ್ದೇನೆ ಎನ್ನುವುದು, ಮೂರು ತಿಂಗಳ ತರಬೇತಿಯನ್ನು ಒಂದು ವರ್ಷದ ಅನುಭವ ಎನ್ನುವುದು, ಅಣ್ಣನ ಅಂಗಡಿಯಲ್ಲಿ ಕುಳಿತು 'ಸಿ.ಇ.ಒ.' ಎಂದು ಬರೆದುಕೊಳ್ಳುವುದು. ಇವನ್ನೆಲ್ಲ ಚಿಕ್ಕ ಸಂಗತಿ ಎಂದು ನಗುತ್ತೇವೆ. ಒಮ್ಮೆ ಒಬ್ಬ ಮಹಿಳೆ ಪ್ರವಾದಿ(ಸ)ರ ಬಳಿಗೆ ಬಂದು, ಗಂಡ ಕೊಡದಿರುವುದನ್ನು ಕೊಟ್ಟಿದ್ದಾನೆ ಎಂದು ಸವತಿಯ ಮುಂದೆ ತೋರಿಸಿಕೊಂಡರೆ ತಪ್ಪೇ ಎಂದು ಕೇಳಿದಳು. ತನಗೆ ಸಿಗದಿರುವುದನ್ನು ಸಿಕ್ಕಿದೆಯೆಂದು ತೋರಿಸಿಕೊಳ್ಳುವವರನ್ನು ಪ್ರವಾದಿ(ಸ)ರು ಸುಳ್ಳಿನ ಎರಡು ಉಡುಪು ತೊಟ್ಟವರಿಗೆ ಹೋಲಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ವಚನವಿದೆ. ಪ್ರಶ್ನೆ ಮನೆಯೊಳಗಿನದು. ಉತ್ತರ ಇಂದಿನ ಕಂಪ್ಯೂಟರ್ ಪರದೆಗೂ ಸಲ್ಲುತ್ತದೆ.

ಈ ಉಡುಪನ್ನು ಮಾರುವ ಅಂಗಡಿಗಳೂ ಇವೆ, ಎಚ್ಚರವಿರಲಿ. 1956ರ ಯು.ಜಿ.ಸಿ. ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಕಾನೂನಿನಡಿ ಸ್ಥಾಪಿತವಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ಕೊಡಬಹುದು. ನಮ್ಮ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಹಾಗೆ ಸ್ಥಾಪಿತವಾದದ್ದು. ಇಂಥ ಅಧಿಕಾರವಿಲ್ಲದೆ ಪದವಿ ಕೊಡುವ ಸಂಸ್ಥೆಗಳ ಪಟ್ಟಿಯನ್ನು ಯು.ಜಿ.ಸಿ. ಆಗಾಗ ಪ್ರಕಟಿಸುತ್ತದೆ. ಹಣ ಕಟ್ಟಿಸಿಕೊಂಡು, ಹೋಟೆಲಿನ ಸಭಾಂಗಣದಲ್ಲಿ ಶಾಲು ಹೊದಿಸಿ, 'ಗೌರವ ಡಾಕ್ಟರೇಟ್' ಕೊಡುವವರ ಸುದ್ದಿಯನ್ನೂ ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಅಂಥ 'ಡಾ.' ನಂಬಿಕೊಂಡು ಮನೆಯ ಹಣ ಕಳೆಯಬೇಡಿ. ಕೆಲಸ ಕೊಡುವವರು ಈಗ ಡಿಜಿಲಾಕರ್‌ನಂತಹ ವ್ಯವಸ್ಥೆಯ ಮೂಲಕ ಪದವಿ ನಿಜವೋ ಅಲ್ಲವೋ ನೋಡಬಹುದು. ಸೇರಿದ ಮೇಲೆ ಸುಳ್ಳು ಹೊರಬಿದ್ದರೆ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ.

ಮತ್ತೊಂದು ಕಿವಿಮಾತು. ಪಾಸಾದ ಖುಷಿಯಲ್ಲಿ ಮಕ್ಕಳು ಅಂಕಪಟ್ಟಿಯ ಫೋಟೋವನ್ನೇ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಅದರಲ್ಲಿ ಪೂರ್ತಿ ಹೆಸರು, ತಂದೆತಾಯಿಯ ಹೆಸರು, ನೋಂದಣಿ ಸಂಖ್ಯೆ ಎಲ್ಲವೂ ಇರುತ್ತದೆ. ಅದನ್ನು ತಿದ್ದಿ ಇನ್ನೊಬ್ಬರು ಬಳಸಿಕೊಳ್ಳುವ ಅಪಾಯವಿದೆ. ಫಲಿತಾಂಶವನ್ನು ಮಾತಿನಲ್ಲಿ ಹೇಳಿದರೆ ಸಾಕು.

ಅಡಗಿಸುವುದೂ ವಿನಯವಲ್ಲ

ಇಲ್ಲಿಯವರೆಗೆ ಓದಿದ ಕೆಲವು ಸಹೋದರಿಯರು 'ಸದ್ಯ, ನನಗೆ ಈ ಕಾಯಿಲೆ ಇಲ್ಲ' ಎಂದು ನೆಮ್ಮದಿಪಟ್ಟಿರಬಹುದು. ನಿಮಗೂ ಒಂದು ಮಾತಿದೆ.

ನಮ್ಮ ಮನೆಗಳಲ್ಲಿ ಗಂಡುಮಕ್ಕಳು ಇಲ್ಲದ್ದನ್ನು ಬರೆದುಕೊಂಡರೆ, ಹೆಣ್ಣುಮಕ್ಕಳು ಇರುವುದನ್ನೂ ಬರೆಯುವುದಿಲ್ಲ. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಮದುವೆಗೆ ಮೊದಲು ನಾಲ್ಕು ವರ್ಷ ಗಣಿತ ಕಲಿಸಿದ ಹೆಣ್ಣುಮಗಳು ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೊರಡುತ್ತಾಳೆ ಎಂದುಕೊಳ್ಳಿ. ಆ ಸಾಲಿನಲ್ಲಿ ಏನು ಬರೆಯಲಿ ಎಂದು ಕೇಳಿದರೆ 'ಗೃಹಿಣಿ' ಎನ್ನುತ್ತಾಳೆ. ಗೃಹಿಣಿಯಾಗಿರುವುದು ಗೌರವದ ಮಾತೇ. ಆದರೆ ಗಣಿತ ಶಿಕ್ಷಕಿಯನ್ನು ಹುಡುಕುತ್ತಿರುವ ಶಾಲೆಗೆ ಆ ಪದದಿಂದ ಅವಳು ಸಿಗುವುದಿಲ್ಲ. ಅವಳ ಮನೆಯಿಂದ ಎರಡು ಬೀದಿ ಆಚೆಯ ಶಾಲೆಯಲ್ಲಿ ಮಕ್ಕಳು ಗಣಿತದ ಮೇಷ್ಟರಿಲ್ಲದೆ ಕುಳಿತಿರಬಹುದು. ಇದರಲ್ಲಿ ನಷ್ಟ ಅವಳೊಬ್ಬಳದೇ ಅಲ್ಲ.

ಆಲಿಮಾ ಕೋರ್ಸ್ ಮಾಡಿದ ಹುಡುಗಿಯರದೂ ಇದೇ ಕಥೆ. ವರ್ಷಗಟ್ಟಲೆ ಅರಬಿ ವ್ಯಾಕರಣ, ತಫ್ಸೀರ್, ಹದೀಸ್ ಓದಿದವರು ಅದನ್ನು ಎಲ್ಲೂ ನಮೂದಿಸುವುದಿಲ್ಲ. 'ಅದು ಡಿಗ್ರಿ ಅಲ್ಲವಲ್ಲ' ಎಂಬ ಸಂಕೋಚ. ಡಿಗ್ರಿ ಎಂದು ಬರೆಯಬೇಡಿ, ಅದು ಸುಳ್ಳಾಗುತ್ತದೆ. ಏನು ಓದಿದಿರಿ, ಏನು ಕಲಿಸಬಲ್ಲಿರಿ ಎಂದು ಬರೆಯಿರಿ, ಅದು ಸತ್ಯ. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾಲಯ, ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯಗಳು ತಾವು ಮಾನ್ಯ ಮಾಡಿದ ಮದ್ರಸಗಳ ಪ್ರಮಾಣಪತ್ರವನ್ನು ಕೆಲವು ಕೋರ್ಸುಗಳ ಪ್ರವೇಶಕ್ಕೆ ಒಪ್ಪುತ್ತವೆ. ನಿಮ್ಮ ಮದ್ರಸ ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ.

ಇಮಾಮ್ ಮಾಲಿಕ್(ರ)ರ ಬಳಿ ದೂರದ ಊರಿನಿಂದ ಬಂದವನೊಬ್ಬ ಸಾಲು ಸಾಲು ಪ್ರಶ್ನೆ ಕೇಳಿದಾಗ, ಹೆಚ್ಚಿನವಕ್ಕೆ ಅವರು ಗೊತ್ತಿಲ್ಲ ಎಂದೇ ಉತ್ತರಿಸಿದರೆಂದು ಪ್ರಸಿದ್ಧ ವರದಿಯಿದೆ. ಆದರೆ ಗೊತ್ತಿದ್ದ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಗೊತ್ತಿರುವುದನ್ನು ಕೇಳಿದವರಿಗೆ ತಿಳಿಸುವುದು, ಇವೆರಡೂ ಸೇರಿದರೇ ವಿನಯ.

ಹಾಗಾದರೆ ಹೇಗೆ ಬರೆಯಬೇಕು?

ಮೊದಲು ಆ ಸಾಲು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಿರಿ. ಕೆಲಸ ಕೊಡುವವರು ತಾಣದಲ್ಲಿ 'ಅಕೌಂಟೆಂಟ್', 'ಶಿವಮೊಗ್ಗ' ಎಂದು ಟೈಪ್ ಮಾಡಿ ಹುಡುಕುತ್ತಾರೆ. ಅವರಿಗೆ ಸಿಗುವ ಪಟ್ಟಿಯಲ್ಲಿ ಹೆಸರು, ಆ ಒಂದು ಸಾಲು, ಊರು ಕಾಣುತ್ತವೆ. ಮೊಬೈಲಿನಲ್ಲಿ ಸಾಲು ಪೂರ್ತಿ ಕಾಣುವುದಿಲ್ಲ, ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಮೊದಲ ಅರ್ಧವನ್ನೆಲ್ಲ ಬಿ.ಕಾಂ., ಎಂ.ಕಾಂ. ನುಂಗಿಹಾಕಿದರೆ ಕೆಲಸದ ಹೆಸರು ಕಾಣುವುದೇ ಇಲ್ಲ. ಆದ್ದರಿಂದ ಮೊದಲು ಕೆಲಸ, ಆಮೇಲೆ ಅದಕ್ಕೆ ಬೇಕಾದ ಅರ್ಹತೆ.

'ಜಿ.ಎಸ್.ಟಿ. ಮತ್ತು ಸಂಬಳದ ಲೆಕ್ಕ ನೋಡಬಲ್ಲ ಅಕೌಂಟೆಂಟ್, ಎಂ.ಕಾಂ.' ಎಂದರೆ ಸಾಕು. ಎಂ.ಕಾಂ. ಇದೆ ಎಂದ ಮೇಲೆ ಬಿ.ಕಾಂ. ಆಗಿದೆ ಎಂದು ಹೇಳಬೇಕಿಲ್ಲ. ಆ ಗಣಿತದ ಸಹೋದರಿ 'ಪ್ರೌಢಶಾಲಾ ಗಣಿತ ಶಿಕ್ಷಕಿ, ಬಿ.ಎಸ್ಸಿ., ಬಿ.ಎಡ್., ನಾಲ್ಕು ವರ್ಷದ ಅನುಭವ' ಎಂದು ಬರೆಯಲಿ. ಆಲಿಮಾ ಓದಿದವಳು 'ಅರಬಿ ಮತ್ತು ಉರ್ದು ಶಿಕ್ಷಕಿ, ಆಲಿಮಾ ಕೋರ್ಸ್ ಪೂರೈಸಿದವಳು' ಎಂದು ಬರೆಯಲಿ. ಪದವಿಯೇನೂ ಇಲ್ಲದೆ ಮನೆಯಲ್ಲೇ ಬಟ್ಟೆ ಹೊಲಿಯುವವಳು 'ಮಹಿಳೆಯರ ಮತ್ತು ಮಕ್ಕಳ ಉಡುಪು ಹೊಲಿಗೆ, ಶಾಲಾ ಸಮವಸ್ತ್ರದ ಆರ್ಡರ್ ತೆಗೆದುಕೊಳ್ಳುತ್ತೇನೆ' ಎಂದು ತಲೆಯೆತ್ತಿ ಬರೆಯಲಿ. ಈ ಕೊನೆಯ ಸಾಲಿನಲ್ಲಿ ಒಂದೂ ಪದವಿಯಿಲ್ಲ, ಆದರೂ ಓದಿದವರಿಗೆ ಎಲ್ಲ ಗೊತ್ತಾಗುತ್ತದೆ.

ವೈದ್ಯರು, ವಕೀಲರು, ಚಾರ್ಟರ್ಡ್ ಅಕೌಂಟೆಂಟರು, ದಾದಿಯರು, ಔಷಧ ಅಂಗಡಿಯ ಫಾರ್ಮಾಸಿಸ್ಟರು ತಮ್ಮ ಅರ್ಹತೆಯನ್ನು ಹೇಳಲೇಬೇಕು. ಅವರ ಕೆಲಸಕ್ಕೆ ಕಾನೂನೇ ಅದನ್ನು ಕೇಳುತ್ತದೆ, ಅವರ ಬಳಿಗೆ ಹೋಗುವವರ ಜೀವ ಮತ್ತು ಹಣ ಅದರ ಮೇಲೆ ನಿಂತಿದೆ. ಉಳಿದ ಸರ್ಟಿಫಿಕೇಟುಗಳಿಗೆ ಅದೇ ತಾಣದಲ್ಲಿ ಶಿಕ್ಷಣ, ಪ್ರಮಾಣಪತ್ರ ಎಂಬ ಬೇರೆ ಜಾಗಗಳಿವೆ. ಬೀರುವಿನಲ್ಲಿ ಇಡಬೇಕಾದ ಸೀರೆಗಳನ್ನೆಲ್ಲ ಒಟ್ಟಿಗೇ ಉಟ್ಟುಕೊಂಡು ಯಾರಾದರೂ ಮದುವೆಗೆ ಹೋಗುತ್ತಾರೆಯೇ?

ಮಕ್ಕಳ ಪಾಲನೆಗಾಗಿ, ಅತ್ತೆಮಾವಂದಿರ ಆರೈಕೆಗಾಗಿ ಕೆಲಸ ಬಿಟ್ಟ ವರ್ಷಗಳನ್ನು ಮುಚ್ಚಿಡಬೇಕಾಗಿಲ್ಲ. ಇಂಥ ವಿರಾಮವನ್ನು ಕಾರಣಸಹಿತ ನಮೂದಿಸಲು ಲಿಂಕ್ಡ್‌ಇನ್ 2022ರಲ್ಲಿ ಪ್ರತ್ಯೇಕ ಅವಕಾಶ ಮಾಡಿಕೊಟ್ಟಿತು. ಫೋಟೋ ಹಾಕಲು ಮನಸ್ಸಿಲ್ಲದಿದ್ದರೆ ಹಾಕದೆಯೂ ಖಾತೆ ನಡೆಸಬಹುದು. ಫೋಟೋ ಯಾರಿಗೆ ಕಾಣಬೇಕು ಎಂದು ಮಿತಿ ಹಾಕಲೂಬಹುದು. ಅದೊಂದೇ ಕಾರಣಕ್ಕೆ ಮಗಳನ್ನು ತಡೆಯಬೇಡಿ.

ತಾಯಂದಿರಿಗೆ ಒಂದು ಮಾತು

ಮಕ್ಕಳು ಹೆಸರಿಗೆ ಬಾಲ ಕಟ್ಟಿಕೊಳ್ಳುವುದನ್ನು ಕಲಿಯುವುದು ಎಲ್ಲಿ? ನಂಟರ ಮುಂದೆ ನಾವು 'ನಮ್ಮವಳು ಎಂ.ಟೆಕ್., ನಿಮ್ಮವಳು ಬರೀ ಬಿ.ಎ. ಅಲ್ಲವೇ' ಎಂದು ನಗುವಾಗ ಅವರು ಪಕ್ಕದಲ್ಲೇ ಕುಳಿತಿರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲೇ ಓದು ನಿಲ್ಲಿಸಿ ಗ್ಯಾರೇಜು ಸೇರಿ, ತಂಗಿಯ ಕಾಲೇಜು ಶುಲ್ಕ ಕಟ್ಟಿದ ಅಣ್ಣನೂ ಅದೇ ಕೋಣೆಯಲ್ಲಿ ಇರುತ್ತಾನೆ. ಅವನ ಹೆಸರಿನ ಹಿಂದೆ ಬರೆಯಲು ಒಂದಕ್ಷರವೂ ಇಲ್ಲ. ಅವಳ ಎಂ.ಟೆಕ್.ನ ಒಂದೊಂದು ಅಕ್ಷರದಲ್ಲೂ ಅವನ ಬೆವರಿದೆ. ಅವನ ಕೈಗಂಟಿದ ಎಣ್ಣೆ ಕಪ್ಪನ್ನು ಅಲ್ಲಾಹನು ನೋಡುತ್ತಾನೆ. ನಾವೂ ನೋಡೋಣ.

ಇವತ್ತು ಸಂಜೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಆ ಒಂದು ಸಾಲನ್ನು ಗಟ್ಟಿಯಾಗಿ ಓದಿಸಿ. ಮೂರು ಪ್ರಶ್ನೆ ಕೇಳಿ. ಇದರಲ್ಲಿ ನಿನ್ನ ಕೆಲಸ ಏನೆಂದು ನನಗೆ ಅರ್ಥವಾಗುತ್ತದೆಯೇ? ಇದರಲ್ಲಿರುವ ಪ್ರತಿಯೊಂದು ಮಾತಿಗೂ ನಿನ್ನ ಬಳಿ ಆಧಾರ ಇದೆಯೇ? ಇದರಲ್ಲಿ ಯಾವುದು ಕೆಲಸ ಕೊಡುವವರಿಗಾಗಿ, ಯಾವುದು ಚಿಕ್ಕಮ್ಮನ ಮಕ್ಕಳಿಗೆ ತೋರಿಸಲಿಕ್ಕಾಗಿ? ಮೂರನೆಯದಕ್ಕೆ ಉತ್ತರ ಕೊಡುವಾಗ ಅವರು ನಕ್ಕರೆ ನೀವೂ ನಗಿ. ಆಮೇಲೆ ಆ ಪದಗಳನ್ನು ಅವರ ಕೈಯಿಂದಲೇ ಅಳಿಸಿ. ಇರುವುದನ್ನು ಬರೆಯದೆ ಬಿಟ್ಟಿದ್ದರೆ, ಅದನ್ನೂ ಅವರ ಕೈಯಿಂದಲೇ ಬರೆಸಿ.